ಜರ್ಮನಿಗೆ ಹೋದ ಅರಿಶಿನ ಕುಂಕುಮ

ನನ್ನ ಓದು ಒಂಬತ್ತನೇ ತರಗತಿಗೆ ನಿಂತಿತು. ಆದರೂ ಅಮೆರಿಕದ ಹೇವರ್ಡ್‌ನ ಗೋದಾಮಿನಲ್ಲಿ ಹದಿನೆಂಟು ವರ್ಷ ದುಡಿದು, ಈಗ ಹನ್ನೆರಡು ಜನರಿಗೆ ಮೇಲ್ವಿಚಾರಕನಾಗಿದ್ದೇನೆ. ಮನುಷ್ಯರನ್ನು ಅಳೆಯಲು ಸರ್ಟಿಫಿಕೇಟು ಬೇಡ, ನಾಲ್ಕು ಪ್ರಶ್ನೆ ಕೇಳಿದರೆ ಸಾಕು ಎಂದು ನಂಬಿದ್ದೆ.

ಮಗಳು ಶ್ರಾವಣಿ ಹೈಸ್ಕೂಲಿನಲ್ಲಿ ಮೂರು ವರ್ಷದಿಂದ ಜರ್ಮನ್ ಕಲಿಯುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಅವಳ ತರಗತಿಯ ಮಕ್ಕಳು ಜರ್ಮನಿಗೆ ಹೋಗಿ, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಮೂರು ವಾರ ಇದ್ದು ಬರುವುದೆಂದು ಗೊತ್ತಾಯಿತು. ಅವಳಿಗೆ ಸಿಕ್ಕ ಮನೆಯ ಯಜಮಾನರ ಹೆಸರು ಕ್ಲಾಸ್. ಹೆಂಡತಿ, ಶ್ರಾವಣಿಯ ಓರಗೆಯ ಮಗಳು, ಒಂದು ವರ್ಷ ದೊಡ್ಡವನಾದ ಮಗ ಯೋನಾಸ್.

"ಮನೆ ವಿಚಾರಿಸದೆ ಹೆಣ್ಣುಮಗೂನ ಕಳಿಸೋದುಂಟಾ?" ಎಂದೆ.

"ಅಪ್ಪ, ಸ್ಕೂಲಿನವ್ರು ಎಲ್ಲಾ ಚೆಕ್ ಮಾಡಿದಾರೆ. ಪ್ಲೀಸ್, ಡೋಂಟ್ ಡೂ ಎನಿಥಿಂಗ್."

ಶನಿವಾರ ಬೆಳಿಗ್ಗೆ ಅವಳು ವಾಲಿಬಾಲ್ ಆಡಲು ಹೋದದ್ದೇ ತಡ, ಶಾಲೆಯ ಕಾಗದದಲ್ಲಿದ್ದ ನಂಬರಿಗೆ, ಜರ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಕ್ಲಾಸ್ ದಂಪತಿಗಳು ಪರೀಕ್ಷೆಗೆ ಕುಳಿತವರಂತೆ ನೆಟ್ಟಗೆ ಕುಳಿತಿದ್ದರು. ನಾನು ನನ್ನ ಗೋದಾಮಿನ ಇಂಗ್ಲಿಷಿನಲ್ಲೇ ಕ್ರಮಬದ್ಧವಾಗಿ ವಿಚಾರಣೆ ಆರಂಭಿಸಿದೆ. ಮನೆ ಸ್ವಂತದ್ದೋ, ಬಾಡಿಗೆಯೋ? ಕೆಲಸ ಪರ್ಮನೆಂಟೋ? ಹುಡುಗ ಮುಂದೇನು ಓದುತ್ತಾನೆ? ಸಿಗರೇಟು, ಬಿಯರು? ಮನೆತನದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ?

ಪಾಪ, ಎಲ್ಲದಕ್ಕೂ ಯೋಚಿಸಿ ಉತ್ತರ ಕೊಟ್ಟರು. ಅಜ್ಜನಿಗೆ ಸಕ್ಕರೆ ಕಾಯಿಲೆ ಇದ್ದುದನ್ನೂ ಮುಚ್ಚಿಡಲಿಲ್ಲ. ನನಗೆ ಮನೆತನ ಹಿಡಿಸಿತು. ನಮ್ಮ ಕಡೆಯದನ್ನೂ ಹೇಳಬೇಕಲ್ಲ? ಹುಡುಗಿ ಐದಡಿ ನಾಲ್ಕಿಂಚು, ಹಾಡುತ್ತಾಳೆ, ಅಡುಗೆ ಬರುತ್ತದೆ, ಎದುರು ಮಾತಾಡುವುದಿಲ್ಲ ಎಂದೆ. ಕೊನೆಯದು ಸುಳ್ಳು.

ಮರುದಿನ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಗೆ ಹೋಗಿ ಆ ಮನೆಯಾಕೆಗೆ ಸೀರೆ, ರವಿಕೆ ಬಟ್ಟೆ, ಬಳೆ, ಅರಿಶಿನ ಕುಂಕುಮ, ಹುಡುಗನಿಗೊಂದು ರೇಷ್ಮೆ ಶಲ್ಯ ತಂದೆ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಮೇಲೆ ಸೀರೆಯುಟ್ಟ ಮಗಳ ಫೋಟೋ ಇಟ್ಟೆ.

"ರೇಷ್ಮೆ ಸೀರೆ ಫೋಟೋ ಯಾಕ್ರೀ?" ಎಂದಳು ಹೆಂಡತಿ ಸುಜಾತ.

"ಏರ್‌ಪೋರ್ಟಲ್ಲಿ ಗುರುತು ಸಿಗೋದು ಬೇಡ್ವಾ?"

"ಅವಳು ಸೀರೆ ಉಟ್ಕೊಂಡು ಇಳೀತಾಳಾ?"

ಹೆಂಗಸರಿಗೆ ಎಲ್ಲದರಲ್ಲೂ ಅನುಮಾನ ಎಂದುಕೊಂಡು ಪಾರ್ಸೆಲ್ ಕಳಿಸಿಬಿಟ್ಟೆ.

ಎರಡು ವಾರದ ನಂತರ ಜರ್ಮನ್ ಟೀಚರ್ ನಮ್ಮನ್ನು ಶಾಲೆಗೆ ಕರೆಸಿದರು. ಕ್ಲಾಸ್ ಅವರ ಪತ್ರ ಬಂದಿತ್ತು. ಪೆಟ್ಟಿಗೆ ತೆರೆದವರು ಗಾಬರಿಯಾಗಿ, ಇಂಟರ್‌ನೆಟ್ಟಿನಲ್ಲಿ ಒಂದೊಂದು ಸಾಮಾನಿನ ಅರ್ಥ ಹುಡುಕಿದ್ದರು. ಟೀಚರ್ ಪತ್ರವನ್ನು ಇಂಗ್ಲಿಷಿನಲ್ಲಿ ಓದಿದರು, ಶ್ರಾವಣಿ ನೆಲ ನೋಡುತ್ತ ಅಮ್ಮನಿಗಾಗಿ ಕನ್ನಡದಲ್ಲಿ ಹೇಳಿದಳು. ಪ್ರಸ್ತಾಪದಿಂದ ಅವರಿಗೆ ಗೌರವವೆನಿಸಿದೆಯಂತೆ. ಆದರೆ ಯೋನಾಸನಿಗೆ ಇನ್ನೂ ಹದಿನೇಳು. ಉಡುಗೊರೆ ವಾಪಸು ಕಳಿಸಲು ಶಾಸ್ತ್ರವೇನಾದರೂ ಇದ್ದರೆ ತಿಳಿಸಬೇಕಂತೆ.

"ಇಂಥ ಸ್ಥಿತಿಯಲ್ಲಿ ಹುಡುಗಿಯನ್ನು ಇಟ್ಟುಕೊಳ್ಳುವುದು ಸರಿಯೇ ಎಂದು ಅವರು ಕೇಳಿದ್ದಾರೆ," ಎಂದರು ಟೀಚರ್. "ಬೇರೆ ಮನೆ ಖಾಲಿ ಇಲ್ಲ. ಅವರು ಬೇಡವೆಂದರೆ ಶ್ರಾವಣಿ ಹೋಗುವಂತಿಲ್ಲ."

ವಾಪಸು ಬರುವಾಗ, ಕಾರು ಫ್ರೀವೇ ಇಳಿಯುತ್ತಿದ್ದಂತೆ ಶ್ರಾವಣಿ, "ತ್ರೀ ಇಯರ್ಸ್, ಅಪ್ಪ," ಎಂದಳು. ಅಷ್ಟೇ.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕ್ಷಮಾಪಣೆ ಬರೆಯಲು ಕುಳಿತೆ. ನಾನು ಹೇಳುವುದು, ಮಗಳು ಜರ್ಮನ್ ಭಾಷೆಗೆ ತಿರುಗಿಸುವುದು.

"ನಮ್ಮ ಹುಡುಗಿಯನ್ನು ಕೊಡುವ ಉದ್ದೇಶ ನಮಗಿಲ್ಲ. ನಿಮ್ಮ ಹುಡುಗನಲ್ಲಿ ಕೊರತೆಯೇನೂ ಇಲ್ಲ."

"ಅಪ್ಪ, ಸೆಕೆಂಡ್ ಸೆಂಟೆನ್ಸ್ ಬೇಡ."

"ಅವರಿಗೆ ಬೇಜಾರಾಗಬಾರದಲ್ಲ?"

"ರೀ, ಅವಳು ಹೇಳ್ದಂಗೆ ಕೇಳಿ," ಎಂದಳು ಸುಜಾತ, ಒಗ್ಗರಣೆ ಹಾಕುತ್ತಲೇ.

ಕೇಳಿದೆ. ಪತ್ರ ಮೂರೇ ಸಾಲಿಗೆ ಇಳಿಯಿತು. ಕೆಳಗೆ ನನ್ನ ಸಹಿ.

ನಾಲ್ಕನೇ ದಿನ ಉತ್ತರ ಬಂತು. ಶ್ರಾವಣಿಗೆ ಹಾರ್ದಿಕ ಸ್ವಾಗತ, ಸೀರೆ ಚೆನ್ನಾಗಿದೆ, ಕಿಟಕಿಗೆ ಹಾಕಿದ್ದೇವೆ ಎಂದಿದ್ದರು. ಮಗಳು ಅಮ್ಮನನ್ನು ತಬ್ಬಿಕೊಂಡಳು, ಸ್ವಲ್ಪ ತಡೆದು ನನ್ನನ್ನೂ. ಕೊನೆಗೆ ಒಂದು ಸಾಲಿತ್ತು. ಆ ಮೂರು ವಾರ ಯೋನಾಸ್ ತನ್ನ ಅಜ್ಜಿಯ ಮನೆಯಲ್ಲಿರುತ್ತಾನೆ. ಅವನೇ ಕೇಳಿಕೊಂಡನಂತೆ.

"ಯಾಕೆ, ನಮ್ಮ ಹುಡುಗಿಗೇನು ಕಮ್ಮಿ?" ಎಂದುಬಿಟ್ಟೆ.

ತಾಯಿ ಮಗಳು ಇಬ್ಬರೂ ನನ್ನತ್ತ ತಿರುಗಿದರು. ಸಂಬಂಧವನ್ನೇ ಕೇಳದೆ ಗಂಡಿನ ಕಡೆಯಿಂದ ಬೇಡವೆನಿಸಿಕೊಂಡ ಹೆಣ್ಣಿನ ತಂದೆ, ಈ ಹೇವರ್ಡ್‌ನಲ್ಲಿ ನಾನೊಬ್ಬನೇ ಇರಬೇಕು.