ಹರಿದ ಸೀರೆ ಇದ್ದರೆ ಕೊಡಿ

ಇದು ಆಗುವುದೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಈರಪ್ಪ. ಆಗುವುದಿಲ್ಲ ಎನ್ನುವುದರಲ್ಲಿ ಅವನದು ಹಳೆಯ ಅನುಭವ. ನಾನು ಹೈಸ್ಕೂಲಿಗೆ ಹೊರಟಾಗ ಕಟ್ಟೆಯ ಮೇಲೆ ಕೂತು, "ಈಕಿ ಹತ್ತನೇತ್ತೆ ಪಾಸಾದ್ರ ಮೀಸಿ ಬೋಳಸ್ತೀನಿ" ಎಂದಿದ್ದ. ನಾನು ಪಾಸಾದೆ. ಬಿದ್ದೆದ್ದು ಬಿ.ಕಾಂ. ಕೂಡ ಮುಗಿಸಿ, ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಪಗಾರ ತೆಗೆದುಕೊಂಡ ಮೊದಲನೆಯವಳಾದೆ. ಮಾವನ ಮೀಸೆ ಮಾತ್ರ ಇದ್ದಲ್ಲೇ ಇದೆ. ಈಚೆಗೆ ಅದಕ್ಕೆ ಕಪ್ಪು ಬಣ್ಣವೂ ಬಂದಿದೆ. ನನ್ನ ಡಿಗ್ರಿ ಸರ್ಟಿಫಿಕೇಟು ಪುಣೆಯ ಖರಾಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಬಂದವರನ್ನು ಅದರ ಎದುರಿನ ಕುರ್ಚಿಯಲ್ಲೇ ಕೂರಿಸುತ್ತೇನೆ. ಸಿಲಿಂಡರ್ ತಂದವನೂ ಅದರತ್ತ ಒಮ್ಮೆ ಕಣ್ಣು ಹಾಯಿಸಿಯೇ ಹೋಗಬೇಕು.

ಆದರೆ ಡಿಗ್ರಿಯನ್ನು ಹೊದ್ದುಕೊಂಡು ಮಲಗಲು ಬರುವುದಿಲ್ಲ. ಪುಣೆಯ ಚಳಿಗೆಂದು ಒಳ್ಳೆಯ ಅಂಗಡಿಯಿಂದ ತಂದ ರಜಾಯಿ ನನ್ನ ಹತ್ತಿರ ಇದೆ. ಅದಕ್ಕೆ ತೂಕವೇ ಇಲ್ಲ. ಮಗ್ಗುಲು ಬದಲಿಸಿದರೆ ನೆಲಕ್ಕೆ ಜಾರುತ್ತದೆ. ಮೈಮೇಲೆ ಯಾರೋ ಕೈಯಿಟ್ಟ ಹಾಗಿರುತ್ತಿತ್ತು ನನ್ನನ್ನು ಸಾಕಿದ ದೊಡ್ಡವ್ವನ ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುವಳು. ಕೊನೆಯ ಹೊಲಿಗೆಗೆ ಮೊದಲು ಒಂದು ಚೂರು ಜೋಳದ ರೊಟ್ಟಿಯನ್ನು ಒಳಗೆ ತುರುಕಿ, "ಕೌದಿ ಹೊಟ್ಟಿ ಹಸದಿರಬಾರದವ್ವಾ" ಎನ್ನುವಳು. ಕತ್ತಲಲ್ಲಿ ಆ ಗಟ್ಟಿ ಚೂರು ಬೆರಳಿಗೆ ಸಿಕ್ಕರೆ ನನಗೆ ನಿದ್ದೆ. ನನ್ನ ಪಾಲಿನ ಕೌದಿ ಹಾಸ್ಟೆಲ್ಲಿನಲ್ಲಿಯೇ ಸವೆದು ಮುಗಿಯಿತು. ಇನ್ನೊಂದು ಬೇಕೆಂದು ಬಾಯಿ ಬಿಟ್ಟು ಕೇಳಲು ಪದವೀಧರೆಗೆ ಬಿಗುಮಾನ. ಅದಕ್ಕೇ ಫೋನು ಮಾಡಿದಾಗಲೆಲ್ಲ, "ಇಲ್ಲಿ ಭಾಳ ಥಂಡಿ ಅದ ದೊಡ್ಡವ್ವಾ" ಎನ್ನುತ್ತೇನೆ. "ರಜಾಯಿ ಅದಲ್ಲ, ಹೊಚ್ಕೊ" ಎಂದು ಅವಳು ಫೋನು ಇಡುತ್ತಾಳೆ.

ನಮ್ಮೂರಿನಲ್ಲಿ ಏಳನೇತ್ತೆ ಆದಮೇಲೆ ಹುಡುಗಿಯರ ಓದು ಮುಗಿಯುತ್ತಿತ್ತು. ಹೈಸ್ಕೂಲು ಹಳ್ಳದಾಚೆಯ ಊರಿನಲ್ಲಿ, ನಮ್ಮೂರಿನಿಂದ ಅಲ್ಲಿಗೆ ಬಸ್ಸಿಲ್ಲ. ನನ್ನನ್ನು ದೊಡ್ಡವ್ವ ದಿನವೂ ಕೈಹಿಡಿದು ಹಳ್ಳ ದಾಟಿಸಿ ಬಂದು ಕೂಲಿಗೆ ಹೋಗುತ್ತಿದ್ದಳು. ಈಗ ಅವಳ ಮೊಣಕಾಲು ಕೇಳುವುದಿಲ್ಲ. "ಒಬ್ಬಾಕಿನ್ನ ದಾಟಿಸೀನಿ, ಉಳದವ್ರನ್ನ ನೀವು ದಾಟಸ್ರಿ" ಎಂದು ಒಮ್ಮೆ ಫೋನಿನಲ್ಲಿ ಊರು ಬಿಟ್ಟ ನಮಗೆ ಹೇಳಿದಳು. ಅಂದಿನಿಂದ ಪುಣೆಯ ಸ್ವಾರಗೇಟದ ಹತ್ತಿರದ ಶೆಟ್ಟರ ಹೋಟೆಲಿನ ಮೇಲಿನ ಕೋಣೆಯಲ್ಲಿ ನಾವು ಕೆಲವು ಕನ್ನಡದವರು ಪ್ರತಿ ಭಾನುವಾರ ಸೇರತೊಡಗಿದೆವು. ದಾಟಿಸುವುದು ಹೇಗೆಂದು ತಿಳಿಯದೆ, ತಿಳಿಯದವರೆಲ್ಲ ಮಾಡುವುದನ್ನೇ ಮಾಡಿದೆವು: ಬಟ್ಟೆ ಕೂಡಿಸಿದೆವು. 'ಹರಿದ ಬಟ್ಟೆ ತರಬೇಡಿ' ಎಂಬ ಬೋರ್ಡು ಬರೆದವಳು ನಾನೇ. ದಾನವೆಂದರೆ ಘನತೆಯಿಂದಿರಬೇಕು ಎಂದು ಭಾಷಣವನ್ನೂ ಮಾಡಿದೆ. ಜನ ಘನತೆಯನ್ನೇ ತಂದು ಸುರಿದರು. ಕೋಟುಗಳು ಬಂದವು, ಟೈಗಳು ಬಂದವು, ಮದುಮಗನೊಬ್ಬ ಒಂದೇ ಸಲ ತೊಟ್ಟಿದ್ದ ಜರಿಯ ಶೇರವಾನಿಯೂ ಬಂತು. ಎಲ್ಲವನ್ನೂ ಇಸ್ತ್ರಿ ಮಾಡಿಸಿ ಊರಿನ ಬಸ್ಸಿಗೆ ಹಾಕಿದೆವು.

ಗಂಟು ತಲುಪಿದ ದಿನವೇ ದೊಡ್ಡವ್ವನ ಫೋನು. "ಈ ಕೋಟು ಯಾರಿಗವ್ವಾ? ಎಮ್ಮಿ ಲಗ್ನ ಇಟ್ಕೊಂಡೀವೇನು?" ಹಿಂದಿನಿಂದ ಓಣಿಯ ಹೆಂಗಸರೆಲ್ಲ ನಕ್ಕದ್ದು ಕೇಳಿಸಿತು. ನಗು ಮುಗಿದ ಮೇಲೆ ಅವಳೇ ಹೇಳಿದಳು, "ನಾವೆಲ್ಲಾ ಕೂತು ಮಾತಾಡೀವಿ. ಹರದ ಸೀರಿ ಕಳಸ್ರಿ, ನೂಲಿನವು, ಉಟ್ಟುಟ್ಟು ಮೆತ್ತಗಾದವು. ಕೌದಿ ಹೊಲೀತೀವಿ, ನೀವು ಮಾರ್ರಿ. ಬಂದದ್ದರಾಗ ಹುಡುಗ್ಯಾರಿಗೆ ಒಂದು ಟಂಟಂ ಗೊತ್ತು ಮಾಡೂನು." ಟಂಟಂ ಎಂದರೆ ನಮ್ಮ ಕಡೆಯ ದೊಡ್ಡ ಆಟೋ, ಸುತ್ತು ಹಾಕಿ ಸೇತುವೆಯ ಮೇಲಿಂದ ಹೈಸ್ಕೂಲು ಮುಟ್ಟಿಸಬಲ್ಲದು. ಈರಪ್ಪ ಮಾವ ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟನಂತೆ: "ಚಿಂದಿ ಮಾರಿ ಸಾಲಿ ಕಲಸ್ತಾರಂತ! ಇದು ಆದ್ರ ಮೀಸಿ ಬೋಳಸ್ತೀನಿ."

ನಾನು ಬೋರ್ಡು ಅಳಿಸಿ, ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ: 'ಹರಿದ ಸೀರೆ ಇದ್ದರೆ ಕೊಡಿ. ಒಳ್ಳೆಯ ಬಟ್ಟೆ ದಯವಿಟ್ಟು ತರಬೇಡಿ.' ಶೆಟ್ಟರು ತಲೆ ಮೇಲೆ ಕೈಹೊತ್ತರು. "ಎಂಥ ಮಾರಾಯ್ತಿ, ಇದನ್ನು ಓದಿದ ಗಿರಾಕಿ ಒಳಗೆ ಬಂದು ಮಸಾಲೆ ದೋಸೆ ತಿಂತಾನಾ?" ಎಂದರು. ಎಂದವರೇ ಮರುದಿನ ತಮ್ಮ ತಾಯಿಯ ಸೀರೆಗಳ ಗಂಟನ್ನು ತಂದಿಟ್ಟು, ಗಲ್ಲಾಕ್ಕೆ ಹೋಗಿ ಕೂತರು.

ಕೌದಿಗಳು ಬರತೊಡಗಿದವು, ನಮ್ಮ ಫ್ಲ್ಯಾಟೇ ಅಂಗಡಿಯಾಯಿತು. ಪಕ್ಕದ ಮನೆಯ ಮರಾಠಿ ಬಾಯಿ ಒಂದನ್ನು ಒತ್ತಿ ನೋಡಿ, "ಹೇ ಕಾಯ್ ಆಹೆ?" ಎಂದು ಬೆರಳಿಗೆ ತಾಗಿದ್ದು ಏನೆಂದಳು. ರೊಟ್ಟಿ ಎಂದೆ. ಇರುವೆ ಬರುತ್ತದೆಯೇ ಎಂದು ಕೇಳಿದಳು. ಬಂದರೂ ಒಂದು ಚೂರಿಗೆ ಎಷ್ಟು ಬಂದಾವು ಎಂದು ಮಾರಿಬಿಟ್ಟೆ. ಯಾವುದನ್ನೇ ಮಾರುವ ಮೊದಲೂ ಕೈಯಾಡಿಸಿ ಆ ಚೂರನ್ನು ಹುಡುಕುವುದು, ಬಟ್ಟೆಗೆ ಮೂಗಿಟ್ಟು ನಮ್ಮ ಒಲೆಯ ಹೊಗೆ ಇನ್ನೂ ಇದೆಯೇ ನೋಡುವುದು, ಆಮೇಲೆ ಮಡಿಸಿ ಕೊಡುವುದು ನನ್ನ ಪಾಡಾಯಿತು. ಒಮ್ಮೆ ಹಸಿರಂಚಿನದೊಂದನ್ನು ಕಪಾಟಿನಲ್ಲಿ ಬಚ್ಚಿಟ್ಟೆ. "ಹಸಿರಂಚಿಂದು ಯಾರು ಒಯ್ದ್ರು?" ಎಂದು ದೊಡ್ಡವ್ವ ಫೋನಿನಲ್ಲಿ ಕೇಳಿದಳು. ಸಂಜೆಗೆ ಅದೂ ಹೋಯಿತು. ಇಟ್ಟುಕೊಂಡಿದ್ದರೆ ಯಾವ ಹುಡುಗಿಯ ಎಷ್ಟು ದಿನದ ಸವಾರಿಯ ಮೇಲೆ ನಾನು ಮಲಗಿದಂತಾಗುತ್ತಿತ್ತೋ!

ದೊಡ್ಡವ್ವನ ಬಾಗಿಲಿಂದಲೇ ಟಂಟಂ ಓಡತೊಡಗಿತು; ಹುಡುಗಿಯರು ಓದಲು ಕೂರುವುದೂ ಅವಳ ಮನೆಯಲ್ಲೇ ಆಯಿತು. ಆ ವರ್ಷ ಏಳನೇತ್ತೆ ಮುಗಿಸಿದ ಹುಡುಗಿಯರಲ್ಲಿ ಒಬ್ಬಳೂ ಮನೆಯಲ್ಲಿ ಉಳಿಯಲಿಲ್ಲ. ನನಗೋ ಸರ್ಟಿಫಿಕೇಟಿಲ್ಲದೆ ಯಾವ ಕೆಲಸವೂ ಮುಗಿದಂತೆ ಅನಿಸುವುದಿಲ್ಲ. ಒಂದು ಅಭಿನಂದನೆಯ ಸರ್ಟಿಫಿಕೇಟಿಗೆ ದೊಡ್ಡವ್ವನ ಹೆಸರು ಹಾಕಿಸಿ, ಬಂಗಾರದ ಬಣ್ಣದ ಅಂಚಿಟ್ಟು, ಲ್ಯಾಮಿನೇಶನ್ ಮಾಡಿಸಿ ಒಂದು ಭಾನುವಾರ ಊರಿಗೆ ಒಯ್ದೆ. ಬಾಗಿಲಲ್ಲಿ ಈರಪ್ಪ ಮಾವ ಟಂಟಂನವನನ್ನು ನಿಲ್ಲಿಸಿಕೊಂಡು, ನಾಳೆ ತಡವಾದರೆ ನೋಡು ಎಂದು ಬೈಯುತ್ತಿದ್ದ. "ಮೀಸಿ ಏನಾತು ಮಾವಾ?" ಎಂದೆ. "ಪುರಸೊತ್ತು ಎಲ್ಲಿ ಅದ? ದಿನಾ ಮುಂಜಾನೆ ಹುಡುಗ್ಯಾರನ್ನ ಗಾಡಿ ಹತ್ತಸೂದು ಯಾರು, ನಿಮ್ಮ ಶೆಟ್ಟರೇನು?" ಎಂದ.

ಓಣಿಯ ಹೆಂಗಸರ ಚಪ್ಪಾಳೆಯ ನಡುವೆ ಸರ್ಟಿಫಿಕೇಟನ್ನು ದೊಡ್ಡವ್ವನ ಕೈಗಿಟ್ಟೆ. ಸೀರೆ ನೋಡುವ ಹಾಗೆ ಅದರ ಅಂಚನ್ನು ಬೆರಳಿನ ನಡುವೆ ತಿಕ್ಕಿ ನೋಡಿದಳು.

"ಛಲೋ ಅದ. ಆದ್ರ ಇದಕ್ಕ ಸೂಜಿ ಇಳಿಯಂಗಿಲ್ಲ."

"ಹೊಲ್ಯಾಕಲ್ಲ ದೊಡ್ಡವ್ವಾ, ಗ್ವಾಡಿಗೆ ಹಾಕಾಕ."

"ಗ್ವಾಡಿ ಎಲ್ಲಿ ಖಾಲಿ ಅದವ್ವಾ? ಎಲ್ಲಾ ಗೂಟಕ್ಕೂ ಹುಡುಗ್ಯಾರ ಪಾಟೀಚೀಲ ಜೋತಾಡ್ಲಿಕತ್ತಾವ. ನೀನೇ ಒಯ್ಯಿ. ಭಾಳ ಥಂಡಿ ಅಂತೀಯಲ್ಲ, ಹೊಚ್ಕೊ."