ಜರ್ಮನಿ ಸರ್ ಮತ್ತು ಭಾಬಿಯ ಆಡು

ಬರ್ರಿ, ಜಮಖಾನಿ ಮ್ಯಾಲ ಆರಾಮ ಕೂಡ್ರಿ. ನಡುವ ಎದ್ದು ಹೋಗಬ್ಯಾಡ್ರಿ ಮತ್ತ. ನಮ್ಮ ಇಳಕಲ್ಲಿನ ಮನ್ಯಾಗ ತಲಿ ಕೆಡಸೂ ಸಂಗತಿ ದಿನಾ ಒಂದರ ಇರತಾವ. ಅದರಾಗ ಮಾಳಗಿ ಮ್ಯಾಲಿನ ಖೋಲಿ ಜರ್ಮನಿ ಸರ್‌ಗೆ ಬಾಡಿಗಿ ಕೊಟ್ಟ ಮ್ಯಾಲಂತೂ ಕೇಳಬ್ಯಾಡ್ರಿ.

ಬಾಗಲಕೋಟ್ಯಾಗ ಲಾ ಓದೂ ಮೊಮ್ಮಗಳು ಅವರನ್ನ ಕರಕೊಂಡು ಬಂದಿದ್ಲು. “ಅಜ್ಜಿ, ಖೂನಿ, ಕಳವು, ಹೊಡದಾಟದ ಕಾಯ್ದೇದಾಗ ಇವರು ಭಾಳ ದೊಡ್ಡವರು. ಪುಸ್ತಕ ಬರೀತಾರ. ಕನ್ನಡಾನೂ ಬರತೈತಿ” ಅಂದ್ಲು. ಬರತಿತ್ತು ಖರೆ, ಆದ್ರ ಪುಸ್ತಕದ ಕನ್ನಡ.

ಚಾ

ಮೊದಲನೇ ದಿನಾನ ಚಾದಾಗ ಸಕ್ಕರಿ ಜಾಸ್ತಿ ಆತು. “ತಪ್ಪಾತ್ರಿ ಸರ್” ಅಂದೆ.

ಅವರು ಕಪ್ಪು ಕೆಳಗಿಟ್ರು. “ಅಮ್ಮಾ, ತಪ್ಪೆನ್ನುವ ಮೊದಲು ಉದ್ದೇಶವನ್ನು ನೋಡಬೇಕು. ಬೇಕೆಂದೇ ಹಾಕಿದಿರೋ, ಅಜಾಗರೂಕತೆಯಿಂದ ಹಾಕಿದಿರೋ?”

“ಇಲ್ರಿ, ಚಮಚಾದಿಂದ ಹಾಕೀನಿ.”

ಜೀವಾ ತಿನ್ನೂದು

ನಮ್ಮ ಯಜಮಾನ್ರು ಕನ್ನಡಕ ಹಣಿ ಮ್ಯಾಲಿಟ್ಕೊಂಡು ಮನಿ ತುಂಬ ಹುಡುಕಾಕ ಹತ್ತಿದ್ರು. “ಇವರು ನನ್ನ ಜೀವಾ ತಿಂತಾರ ನೋಡ್ರಿ” ಅಂದೆ.

ಸರ್ ಗಾಬರಿಯಾಗಿ, “ಎಷ್ಟು ವರ್ಷಗಳಿಂದ ತಿನ್ನುತ್ತಿದ್ದಾರೆ?” ಅಂದ್ರು.

ಯಜಮಾನ್ರು ನನ್ನ ಕಡೆ ತಿರುಗಿ ನೋಡಿ, “ಇನ್ನೂ ಭಾಳ ಉಳದೈತ್ರಿ” ಅಂದ್ರು.

ಆಡು

ಬಾಜು ಮನಿ ಭಾಬಿ ಸೀರಿ ನೇಯ್ತಾಳ. ನಮ್ಮಿಬ್ಬರ ಗ್ವಾಡಿ ನಡುವ ಒಂದು ಸಣ್ಣ ಬಾಗಲಾ. ನಾವು ಸೊಸಿಯಂದಿರಾಗಿ ಬಂದಾಗಿಂದ ಅದಕ್ಕ ಚಿಲಕಾ ಬಿದ್ದಿರಲಿಲ್ಲ.

ಭಾಬಿಗೊಂದು ಆಡು. ತಾಯಿ ಸತ್ತ ಮರಿ, ಬಾಟಲಿ ಹಾಲು ಕುಡಿಸಿ ಸಾಕಿದ್ಲು. ಅದು ಮಾಳಗಿ ಹತ್ತಿ ನನ್ನ ಸಂಡಿಗಿ ಎಲ್ಲಾ ತಿಂತು. “ಇನ್ನೊಮ್ಮೆ ಬಂದ್ರ ಕಡದ ಬಿಡ್ತೇನಿ!” ಅಂತ ಒದರಿದೆ.

ಮರುದಿನ ಮುಂಜಾನೆ ಆಡು ಇಲ್ಲ! ಸರ್ ತಮ್ಮ ಖೋಲಿಗೆ ಕೀಲಿ ಹಾಕಿ ಬಾಗಲಕೋಟಿ ಬಸ್ಸಿಗೆ ಹೊಂಟಿದ್ರು. ಭಾಬಿ ಕೇಳಿದ್ಲು, “ಸರ್, ನಮ್ಮ ಆಡು ನೋಡೀರೇನ್ರಿ?”

“ನೋಡಿಲ್ಲ. ಆದರೆ ಅಮ್ಮನವರು ಅದನ್ನು ಕಡಿಯುವೆನೆಂದು ನಿನ್ನೆ ಹೇಳಿದ್ದನ್ನು ಕೇಳಿದ್ದೇನೆ.”

“ಅಯ್ಯ ಸರ್ರ, ನಮ್ಮ ಮನ್ಯಾಗ ತತ್ತಿ ಸುದ್ದಾ ಒಡಿಯೂದಿಲ್ರಿ!” ಅಂದೆ ನಾ.

“ಊಟ ಬೇರೆ, ಉದ್ದೇಶ ಬೇರೆ” ಅಂದವರ ಬಸ್ಸಿಗೆ ಹೋದ್ರು.

ಭಾಬಿ ನನ್ನ ಮಾರಿ ನೋಡಲಿಲ್ಲ. ಒಳಗ ಹೋಗಿ ಸಣ್ಣ ಬಾಗಲದ ಚಿಲಕಾ ಹಾಕಿದ್ಲು. ಅವತ್ತು ನನಗ ರೊಟ್ಟಿ ಇಳೀಲಿಲ್ಲ.

ಸಂಜೀಕ ಸರ್ ಬಂದು ಖೋಲಿ ಕೀಲಿ ತಗದ್ರು. ಮ್ಯಾಲಿಂದ ಓಣಿಗೆಲ್ಲಾ ಕೇಳೂವಂಗ ಒಂದು ಕೂಗು ಬಂತು: “ಲೇ ಆಡಽ! ಕಡದ ಬಿಡ್ತೇನಿ ನಿನ್ನ!”

ಪುಸ್ತಕದ ಕನ್ನಡ ಎಲ್ಲಿ ಹೋತೋ! ಚಿಲಕಾ ತಗದು ಭಾಬಿ ಓಡಿ ಬಂದ್ಲು, ನಾನೂ ಹತ್ತಿದೆ. ಮುಂಜಾನೆ ಒಳಗಿದ್ದ ಆಡು ನೋಡದ ಸರ್ ಕೀಲಿ ಹಾಕ್ಯಾರ! ಅದು ಮಂಚದ ಮ್ಯಾಲ ನಿಂತು ಅವರು ಬರದ ಹಾಳಿ ಅಗಿಯಾಕ ಹತ್ತಿತ್ತು.

ಭಾಬಿ ಆಡು ಅಪ್ಪಿಕೊಂಡು ಕೇಳಿದ್ಲು, “ಅಕ್ಕಾ, ನೀ ಸಾಕ್ಷಿ. ಸರ್, ನಿಮ್ಮ ಉದ್ದೇಶ ಏನಿತ್ರಿ?”

ಸರ್ ಕೆಂಪಗಾಗಿ, “ತಪ್ಪಾತ್ರಿ” ಅಂದ್ರು.

ಮುಂದ? ಸರ್ ತಮ್ಮ ದೇಶಕ್ಕ ಹೋಗಿ, ಆಡು ತಿಂದ ಅಧ್ಯಾಯ ಮತ್ತ ಬರದ್ರಂತ. ಫೋನ್ ಮಾಡಿದ್ರ ಮೊದಲ ಆಡಿನ ಆರೋಗ್ಯ ಕೇಳ್ತಾರ. ಆಡು ಈಗ ಎರಡು ಮರಿ ತಾಯಿ. ಮೂರೂ ಕೂಡಿ ಸಂಡಿಗಿ ತಿಂತಾವ. ಭಾಬಿ ಆ ಚಿಲಕಾ ಕಿತ್ತು ಗುಜರಿಗೆ ಹಾಕಿದ್ಲು.

ನಮ್ಮ ಯಜಮಾನ್ರು? ಇನ್ನೂ ತಿನ್ನಾಕ ಹತ್ಯಾರ.