ಒಂದು ಪಾವು, ಮೇಲೊಂದು ಹಿಡಿ

ಬಸವೇಶ್ವರನಗರದ ಒಂದು ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕಿನಲ್ಲಿ ನಾನು ಕೌನ್ಸೆಲರ್. ಬಂದವರು ಡಾಕ್ಟರನ್ನು ನೋಡುವ ಮುಂಚೆ ಎಲ್ಲ ವಿವರಿಸಿ ಹೇಳುವುದು ನನ್ನ ಕೆಲಸ. ಸ್ತನದ ಇಂಪ್ಲಾಂಟುಗಳ ಸ್ಯಾಂಪಲ್ ತಟ್ಟೆ ಹೊರಗೆ ತೆಗೆದ ದಿನ ಏನಾದರೂ ಒಂದು ಆಗದೆ ಇರುವುದಿಲ್ಲ. ಕುರುಬರಹಳ್ಳಿಯ ಒಬ್ಬ ಟೀಚರಮ್ಮನ ವಿಷಯದಲ್ಲಂತೂ ಹೆಜ್ಜೆಹೆಜ್ಜೆಗೂ ಆಯಿತು.

ವಾಲ್ವು

ಮೊದಲ ಸಲ ಗಂಡನ ಜೊತೆ ಬಂದರು. ಎರಡು ಮಕ್ಕಳಿಗೆ ಹಾಲೂಡಿಸಿದ ಮೇಲೆ ಎದೆ ಬತ್ತಿಹೋಗಿದೆ, ಹಳೆಯ ರವಿಕೆ ಯಾವುದೂ ಸರಿಯಾಗಿ ಕೂರುವುದಿಲ್ಲ, ಕನ್ನಡಿ ನೋಡಿಕೊಂಡರೆ ಬೇಜಾರು ಎಂದರು.

ಗಂಡನಿಗೆ ಸುಂಕದಕಟ್ಟೆಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ. ಆತ ತಟ್ಟೆಯ ಕಡೆ ತಿರುಗಿಯೂ ನೋಡದೆ ಗೋಡೆಯ ಕ್ಯಾಲೆಂಡರನ್ನೇ ಓದುತ್ತಾ ಕೂತಿದ್ದರು. ನಾನು ಹೇಳುತ್ತಾ ಹೋದೆ. ಸಲೈನ್ ಅಂದರೆ ಒಳಗೆ ಉಪ್ಪುನೀರು, ವಾಲ್ವಿನ ಮೂಲಕ ತುಂಬುತ್ತಾರೆ, ಸೋರಿದರೆ ಕುಗ್ಗಿ ಬೇಗ ಗೊತ್ತಾಗುತ್ತದೆ. ಸಿಲಿಕೋನ್ ಜೆಲ್ ಮುಟ್ಟಿದರೆ ಹೆಚ್ಚು ಸಹಜ, ಆದರೆ ಸೋರಿದ್ದು ಹೊರಗೆ ಕಾಣದು, ಆಗಾಗ ಸ್ಕ್ಯಾನ್ ಮಾಡಿಸಬೇಕು. ಗಟ್ಟಿ ಜೆಲ್ಲಿನದು ಆಕಾರ ಬಿಡುವುದಿಲ್ಲ. ಯಾವುದೂ ಜೀವನಪೂರ್ತಿ ಬಾಳಿಕೆ ಬರುವಂಥದ್ದಲ್ಲ.

ವಾಲ್ವು ಎಂದಾಗಲೇ ಗಂಡ ಈ ಕಡೆ ತಿರುಗಿಯಾಗಿತ್ತು. ನಾಚಿಕೆ ಎಲ್ಲಿ ಹೋಯಿತೋ, ಸಲೈನಿನದನ್ನು ಎತ್ತಿ ಲೈಟಿಗೆ ಹಿಡಿದು, ಹಿಂದೆಮುಂದೆ ಪರೀಕ್ಷೆ ಮಾಡಿದರು.

"ವಾಲ್ವಿರೋದು ಬೇಡ ಕಣೇ. ಅಂಗಡೀಲಿ ದಿನಾ ಕಂಪ್ಲೇಂಟು ಅದೇ."

ಟೀಚರಮ್ಮನ ಮನಸ್ಸೂ ಸಿಲಿಕೋನಿನ ಮೇಲೇ ಇತ್ತು. ತೀರ್ಮಾನವಾಯಿತು.

ಅಕ್ಕಿ

ಸೈಜು ಗೊತ್ತು ಮಾಡಲು ನಾವೊಂದು ಉಪಾಯ ಹೇಳುತ್ತೇವೆ. ಅಕ್ಕಿ ಅಳೆದು ಮೆತ್ತನೆ ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ, ಬ್ರಾ ಒಳಗಿಟ್ಟುಕೊಂಡು ಮನೆಯಲ್ಲಿ ಓಡಾಡಿದರೆ ಎಷ್ಟು ಭಾರ ಒಗ್ಗುತ್ತದೆ ಎಂದು ತಿಳಿಯುತ್ತದೆ. ಟೀಚರಮ್ಮ ಅಡುಗೆಮನೆಯ ಪಾವಿನಲ್ಲೇ ಅಳೆದರು. ಗಂಟಿಗೆ ಒಂದು ಪಾವು, ಮೇಲೊಂದು ಹಿಡಿ ಸರಿಹೋಯಿತಂತೆ.

ಅವರಿಗೆ ಇದ್ದದ್ದು ಅತ್ತೆಯ ಭಯ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಭಾರ ಎತ್ತುವ ಹಾಗಿಲ್ಲ, ಅಡುಗೆ, ಮಕ್ಕಳು ಎಲ್ಲ ಅತ್ತೆಯೇ ನೋಡಬೇಕು. ಅವರು ಬೇಡ ಎಂದರೆ ಮುಗಿಯಿತು. ಹಾಗಾಗಿ ಅತ್ತೆ ದೇವಸ್ಥಾನಕ್ಕೆ ಹೋದಾಗ ಮಾತ್ರ ಗಂಟು ಇಟ್ಟುಕೊಂಡು ಓಡಾಡಿ, ಆಮೇಲೆ ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಡುತ್ತಿದ್ದರು.

ಒಂದು ಸಂಜೆ ಸ್ಕೂಲಿನಿಂದ ಬಂದು ನೋಡಿದರೆ, ಎರಡು ಗಂಟೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿವೆ. ಒಗೆದ ಬಟ್ಟೆ ಇಡಲು ಹೋದ ಅತ್ತೆ ಅವನ್ನು ನೋಡಿ, ಸೊಸೆ ಏನೋ ಹರಕೆ ಹೊತ್ತಿದ್ದಾಳೆ ಎಂದುಕೊಂಡಿದ್ದರು. ಮುಡಿಪನ್ನು ಬಟ್ಟೆಗಳ ಮಧ್ಯೆ ಇಡಬಾರದು ಎಂದು ಬುದ್ಧಿಯನ್ನೂ ಹೇಳಿದರಂತೆ. ಟೀಚರಮ್ಮ ನನಗೆ ಫೋನ್ ಮಾಡಿದರು.

"ದಿನಾ ಮಂಗಳಾರತಿ ಮಾಡ್ತಿದಾರೆ ಮೇಡಂ. ನಾನೂ ಕೈ ಮುಗೀಬೇಕು."

ಅತ್ತೆ

ಕೊನೆಗೆ ದೇವರ ಮುಂದೆ ಸುಳ್ಳು ನಡೆಸಲಾರದೆ ಟೀಚರಮ್ಮ ಎಲ್ಲ ಹೇಳಿಬಿಟ್ಟರು. ಅತ್ತೆ ಬೈಯಲಿಲ್ಲ, ನಾನೂ ಬರ್ತೀನಿ ನಡಿ ಎಂದು ಮಾತ್ರ ಅಂದರಂತೆ.

ಇಬ್ಬರೂ ಬಂದು ನನ್ನೆದುರು ಕೂತರು. ನಾನು ತಟ್ಟೆ ತೆಗೆದು ಮುಂದಿಟ್ಟೆ. ಅತ್ತೆ ತಟ್ಟೆಯಲ್ಲಿದ್ದ ಒಂದೊಂದನ್ನೂ ಬದನೆಕಾಯಿ ಆರಿಸುವಂತೆ ಒತ್ತಿ ನೋಡಿದರು. ಆಮೇಲೆ ನನಗೆ ಹೇಳಿದರು:

"ನನಗೂ ಹಿಂಗೇ ಆಗಿತ್ತು ಕಣಮ್ಮ. ಬೇಜಾರಾಗೋದು, ಯಾರ ಹತ್ರ ಹೇಳೋದು? ಇವಳು ಮಾಡಿಸ್ಕೊಳ್ಳಲಿ. ಮನೆ ನಾನು ನೋಡ್ಕೋತೀನಿ."

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಡಾಕ್ಟರು ಬಂದರು. ಅಳತೆ ತೆಗೆದುಕೊಂಡು, ಟೀಚರಮ್ಮ ಗೊತ್ತು ಮಾಡಿಕೊಂಡಿದ್ದಕ್ಕಿಂತ ಸ್ವಲ್ಪ ದೊಡ್ಡದು ಹಾಕಿದರೆ ಚೆನ್ನಾಗಿ ಒಪ್ಪುತ್ತದೆ ಎಂದು ಸಲಹೆ ಕೊಟ್ಟರು. ಅತ್ತೆ ಬ್ಯಾಗಿನಿಂದ ಕುಂಕುಮ ಮೆತ್ತಿದ ಎರಡು ಗಂಟು ತೆಗೆದು ಮೇಜಿನ ಮೇಲಿಟ್ಟರು.

"ಒಂದು ಪಾವು, ಮೇಲೊಂದು ಹಿಡಿ, ಡಾಕ್ಟ್ರೇ. ಪೂಜೆ ಆಗೋಗಿದೆ. ಇನ್ನು ಹೆಚ್ಚುಕಮ್ಮಿ ಮಾಡಂಗಿಲ್ಲ."